ಮೈ ಸರಿಯಿಲ್ಲದವರೂ ಕಟ್ಟಬಹುದು ಹರಿಗೋಲು

ಸಾವಿರ ಅಡಿ ಬೋರು ಕೊರೆಸುವ ಸೀಮೆಯಲ್ಲಿ ದೋಣಿಯ ಮಾತೆತ್ತಿದರೆ ಯಾರಿಗಾದರೂ ನಗು ಬರುತ್ತದೆ. ಆದರೆ ಹಿರಿಯೂರು, ಹೊಸದುರ್ಗ ತಾಲ್ಲೂಕಿನ ಹಿನ್ನೀರಿನ ಅಂಚಿನವರಿಗೆ ಈಗ ಇದು ನಗುವ ಮಾತಲ್ಲ. ವೇದಾವತಿಗೆ ಮಾರಿ ಕಣಿವೆಯಲ್ಲಿ ಕಟ್ಟಿದ ವಾಣಿವಿಲಾಸ ಸಾಗರದ ಕೆಲಸ 1898ರಲ್ಲಿ ಶುರುವಾಗಿ 1907ಕ್ಕೆ ಮುಗಿಯಿತು. ತುಂಬಿದರೆ 130 ಅಡಿ, 30 ಟಿಎಂಸಿ. 1933ರಲ್ಲಿ ಕೋಡಿ ಬಿದ್ದದ್ದನ್ನು ಅಜ್ಜಂದಿರು ಕತೆಯಂತೆ ಹೇಳುತ್ತಿದ್ದರು. ಆಮೇಲೆ 89 ವರ್ಷ ಕಳೆದು 2022ರ ಸೆಪ್ಟೆಂಬರಿನಲ್ಲಿ ಮತ್ತೆ ಕೋಡಿ ಬಿತ್ತು. 2025ರ ಜನವರಿಯಲ್ಲಿ ಇನ್ನೊಮ್ಮೆ.

ಕೋಡಿ ಬಿದ್ದಾಗ ಹಿರಿಯೂರಿನಲ್ಲಿ ಬಾಗಿನ, ಹಬ್ಬ. ಹೊಸದುರ್ಗದ ಹಿನ್ನೀರಿನ ಹಳ್ಳಿಗಳಲ್ಲಿ ತೋಟ, ದಾರಿ ನೀರಿನೊಳಗೆ. ನನ್ನ ಎರಡು ಎಕರೆ ತೆಂಗು-ಅಡಿಕೆ ಹಳ್ಳದ ಆಚೆ ದಂಡೆಗಿದೆ. ಬಂಡಿದಾರಿ ಮುಳುಗಿದ ಮೇಲೆ ಕಾಲು ಮೈಲಿಯ ಹಾದಿಗೆ ಎರಡು ತಾಸು ಸುತ್ತು. ಗಟ್ಟಿಮುಟ್ಟಾಗಿದ್ದವನು ನಡೆದಾನು. ನನಗೆ ವಯಸ್ಸು ಐವತ್ತೆಂಟು, ಸಕ್ಕರೆ ಕಾಯಿಲೆಗೆ ಹದಿನಾಲ್ಕು ವರ್ಷ, ಪಾದ ಎರಡೂ ಜೋಮು ಹಿಡಿದಿವೆ. ಸೊಂಟದ ಡಿಸ್ಕ್ ಬೇರೆ ಜಾರಿದೆ. ತೋಟ ಮಾರುವುದೋ, ದಾಟುವ ದಾರಿ ಹುಡುಕುವುದೋ ಎಂಬ ಪ್ರಶ್ನೆ ಬಂತು. ಹೀಗಾಗಿ ಒಂದು ಸಣ್ಣ ಹರಿಗೋಲು ಕಟ್ಟಿದೆ. ನುರಿತವರು ಕೆಲವೇ ದಿನದಲ್ಲಿ ಮುಗಿಸುವ ಕೆಲಸಕ್ಕೆ ನನಗೆ ಐದು ತಿಂಗಳು ಹಿಡಿಯಿತು. ಆದರೂ ಕಟ್ಟಿ ಮುಗಿಯಿತು. ಹೇಗೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಬುಟ್ಟಿಯೇ ದೋಣಿ

ನಮ್ಮ ಕಡೆ ಇದಕ್ಕೆ ತೆಪ್ಪ ಅಂತಾರೆ, ಕೆಲವರು ಅರಿಗೋಲು ಅಂತಲೂ ಅಂತಾರೆ. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ತುಂಗಭದ್ರೆಯಲ್ಲಿ ಇದನ್ನು ನೋಡಿ ಬರೆದಿಟ್ಟಿದ್ದಾನೆ. ಬುಟ್ಟಿಯಂತೆ ದುಂಡಗಿನ ದೋಣಿ, ಹೊರಗೆ ಚರ್ಮದ ಹೊದಿಕೆ, ಹದಿನೈದು ಇಪ್ಪತ್ತು ಜನ ಹಿಡಿಸುತ್ತಾರೆ, ನೆಟ್ಟಗೆ ಹೋಗದೆ ತಿರುಗುತ್ತಲೇ ಇರುತ್ತದೆ ಎಂದು. ಚರ್ಮದ ಜಾಗಕ್ಕೆ ಈಗ ಗೊಬ್ಬರದ ಚೀಲ, ಡಾಂಬರು ಬಂದಿವೆ. ಉಳಿದದ್ದೆಲ್ಲ ಅದೇ.

ದುಂಡಗಿದ್ದರೆ ಲಾಭ ಏನು? ತಳ ಅಗಲ, ಹಾಗಾಗಿ ಮೊಣಕಾಲುದ್ದ ನೀರಿನಲ್ಲೂ ತೇಲುತ್ತದೆ. ಲೆಕ್ಕ ಸುಲಭ. ತಳ ಐದು ಅಡಿ ಅಗಲ ಇದ್ದರೆ ಒಂದು ಇಂಚು ಮುಳುಗಿದಾಗ ಸುಮಾರು 45 ಕಿಲೊ ನೀರು ಪಕ್ಕಕ್ಕೆ ಸರಿಯುತ್ತದೆ. ಅಂದರೆ ಇಂಚಿಗೆ 45 ಕಿಲೊ ಭಾರ ಹೊರುತ್ತದೆ. ತೆಪ್ಪ 30 ಕಿಲೊ, ನಾನು 65, ಒಂದು ಮೂಟೆ 50 ಎಂದರೆ ಒಟ್ಟು 145 ಕಿಲೊ. ಮುಳುಗುವುದು ಮೂರು ಇಂಚು ಚಿಲ್ಲರೆ ಮಾತ್ರ. ಗೋಡೆಯ ಎತ್ತರ 21 ಇಂಚು ಇಟ್ಟರೆ ಬೇಕಾದಷ್ಟು ಆಯಿತು.

ಬೇಕಾದ ಸಾಮಾನು

ಬಾಯಿ ಆರು ಅಡಿ, ತಳ ಐದು ಅಡಿಯ ತೆಪ್ಪಕ್ಕೆ:

ಬಲಿತ ಬಿದಿರು ಗಳ, 25 ಅಡಿಯದು - 5
ಖಾಲಿ ಗೊಬ್ಬರದ ಚೀಲ (50 ಕಿಲೊದ್ದು) - 12
ದಪ್ಪ ಪ್ಲಾಸ್ಟಿಕ್ ಹಾಳೆ - 10 ಅಡಿ ಚೌಕದ್ದು ಒಂದು
ಡಾಂಬರು - 10 ಕಿಲೊ
ನೈಲಾನ್ ದಾರ, ದಬ್ಬಳ, ಮಚ್ಚು

ಬಿದಿರು ಮೂರು ವರ್ಷ ಬಲಿತಿರಬೇಕು. ಎಳೆಯದಾದರೆ ಒಣಗಿದಾಗ ಸುಕ್ಕುತ್ತದೆ, ಕುಟ್ಟೆ ಹುಳ ಬೇಗ ಹಿಡಿಯುತ್ತದೆ. ಹುಳ ಬರುವುದು ಬಿದಿರಿನೊಳಗಿನ ಪಿಷ್ಟದ ಆಸೆಗೆ. ಕಡಿದ ಗಳವನ್ನು ಎರಡು ಮೂರು ವಾರ ಕೆರೆಯಲ್ಲಿ ಮುಳುಗಿಸಿಟ್ಟರೆ ಪಿಷ್ಟ ಕರಗಿ ಹೋಗುತ್ತದೆ, ಸೀಳುವುದಕ್ಕೂ ಹಗುರ.

ಬಿದಿರಿನ ಕೆಲಸವನ್ನು ಮೇದಾರರ ಹತ್ತಿರ ಕೂತು ಕಲಿಯುವುದೇ ಮೇಲು. ನನಗೆ ಹೇಳಿಕೊಟ್ಟ ಹಿರಿಯರು ಮೊದಲ ದಿನವೇ ಅಂದರು: "ಯಜಮಾನ್ರೇ, ಬಿದಿರು ಸೀಳೋ ಕೆಲ್ಸ ನಿಮ್ ಸೊಂಟಕ್ಕೆ ಆಗಲ್ಲ. ಅದನ್ನ ನಮಗ್ ಬಿಡಿ. ಹೆಣೆಯೋದು ನೀವ್ ಮಾಡ್ಕಳಿ." ಕೂಲಿ ಕೊಟ್ಟು ಸೀಳಿಸಿಕೊಂಡೆ. ಹತ್ತು ಅಡಿ ಉದ್ದ, ಒಂದು ಇಂಚು ಅಗಲದ ದಬ್ಬೆ ಮೂವತ್ತೈದು. ಉಳಿದದ್ದು ಗೋಡೆ ಹೆಣಿಗೆಗೆ, ಬಾಯಿಕಟ್ಟಿಗೆ.

ಎಲ್ಲಿ ನಿಲ್ಲಿಸಬಹುದು, ಎಲ್ಲಿ ನಿಲ್ಲಿಸಬಾರದು

ಮೈ ಸರಿಯಿಲ್ಲದವರು ಯಾವ ಕೆಲಸಕ್ಕೆ ಕೈ ಹಾಕುವ ಮೊದಲೂ ಕೇಳಿಕೊಳ್ಳಬೇಕಾದ್ದು ಇದನ್ನೇ. ನಾಳೆ ಏಳಲಿಕ್ಕೆ ಆಗದಿದ್ದರೆ ಮಾಡಿದ ಕೆಲಸ ಕೆಡುತ್ತದೋ, ಕಾಯುತ್ತದೋ? ಹರಿಗೋಲಿನ ಕೆಲಸವನ್ನು ಹೀಗೆ ವಿಂಗಡಿಸಿಕೊಂಡೆ.

ತಳ ಹೆಣೆಯುವುದು: ಎಷ್ಟು ದಿನ ಬೇಕಾದರೂ ನಿಲ್ಲಿಸಬಹುದು. ಆದರೆ ದಬ್ಬೆ ಒಣಗಬಾರದು. ಒದ್ದೆ ಗೋಣಿ ಹೊದಿಸಿಡಬೇಕು.

ಅಂಚು ಬಗ್ಗಿಸಿ ಗೋಡೆ ಎಬ್ಬಿಸುವುದು: ಶುರು ಮಾಡಿದರೆ ಅದೇ ದಿನ ಮುಗಿಸಬೇಕು. ಅರ್ಧಕ್ಕೆ ಬಿಟ್ಟರೆ ದಬ್ಬೆ ಹಿಂದಕ್ಕೆ ಚಿಮ್ಮುತ್ತದೆ. ಇಬ್ಬರ ಸಹಾಯ ಬೇಕೇ ಬೇಕು.

ಬಾಯಿಕಟ್ಟು, ಚೀಲ ಹೊಲಿಯುವುದು: ಎಲ್ಲಿ ಬೇಕಾದರೂ ನಿಲ್ಲಿಸಬಹುದು. ಚೀಲವನ್ನಂತೂ ಮಂಚದ ಮೇಲೆ ಕೂತೇ ಹೊಲಿಯಬಹುದು.

ಡಾಂಬರು: ಒಂದು ಬಳಿತ ಒಂದೇ ಉಸಿರಿಗೆ. ಇದು ನಮ್ಮಂಥವರ ಕೈಕೆಲಸವೇ ಅಲ್ಲ.

ಈ ಪಟ್ಟಿ ನನ್ನನ್ನು ಎರಡು ಸಲ ಉಳಿಸಿತು. ತಳ ಅರ್ಧ ಆಗಿದ್ದಾಗ ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿ ತೂರಿ ಪಾದಕ್ಕೆ ನಾಟಿತು. ಜೋಮು ಹಿಡಿದ ಕಾಲು, ನೋವೇ ಇಲ್ಲ. ಸಂಜೆ ಕಾಲು ತೊಳೆಯುವಾಗ ಹೆಂಡತಿ ರಕ್ತ ನೋಡಿ ಹೇಳಿದಳು. ಹುಣ್ಣು ಮಾಯಲು ಐದು ವಾರ ಬೇಕಾಯಿತು, ಆ ಐದು ವಾರವೂ ಕಾಲು ಊರುವಂತಿರಲಿಲ್ಲ. ಮಗಳು ದಿನಾ ಸಂಜೆ ಗೋಣಿಗೆ ನೀರು ಚಿಮುಕಿಸಿದಳು, ಹೆಣಿಗೆ ಹಾಗೇ ಉಳಿಯಿತು. ನಾನು ಮಂಚದ ಮೇಲೆ ಕೂತು ಹನ್ನೆರಡೂ ಚೀಲ ಬಿಚ್ಚಿ ಹೊಲಿದು ಮುಗಿಸಿದೆ. ಗೋಡೆ ಎದ್ದ ಮೇಲೆ ಸೊಂಟ ಹಿಡಿದು ಮೂರು ವಾರ ಮಲಗಿದೆ. ಆಗಲೂ ಕೆಟ್ಟದ್ದು ಏನೂ ಇಲ್ಲ. ಬುಟ್ಟಿ ತನ್ನ ಪಾಡಿಗೆ ನೆರಳಲ್ಲಿ ಒಣಗುತ್ತಿತ್ತು.

ಹೆಣಿಗೆ, ಗೋಡೆ

ಮೇದಾರರು ನೆಲದಲ್ಲಿ ಕುಕ್ಕರಗಾಲಲ್ಲಿ ಕೂತು ಹೆಣೆಯುತ್ತಾರೆ. ಸೊಂಟ ನೋವಿರುವವರಿಗೆ ಅದು ಆಗದು. ಎರಡೂವರೆ ಅಡಿ ಎತ್ತರದ ಕಲ್ಲುಕಟ್ಟೆಯ ಮೇಲೆ ಹಳೆ ಬಾಗಿಲು ಹಾಸಿ, ಅದರ ಮೇಲೆ ಹೆಣೆದೆ. ಬಗ್ಗುವುದೇ ಬೇಕಿಲ್ಲ, ಸುತ್ತ ನಡೆದುಕೊಂಡು ಕೆಲಸ ಮಾಡಬಹುದು. ಬೆಳಿಗ್ಗೆ ಮುಕ್ಕಾಲು ಗಂಟೆ, ಸಂಜೆ ಮುಕ್ಕಾಲು ಗಂಟೆ, ಅಷ್ಟೇ.

ಮೊದಲು ಉದ್ದ, ಅಡ್ಡ ದಬ್ಬೆ ಒಂದರ ಮೇಲೆ ಒಂದರ ಕೆಳಗೆ ಹಾಯಿಸಿ ಚೌಕದ ಹೆಣಿಗೆ. ಅದರ ಮೇಲೆ ಮೂಲೆಯಿಂದ ಮೂಲೆಗೆ ಓರೆ ದಬ್ಬೆ. ನಡುಭಾಗ ಒತ್ತಾಗಿರಬೇಕು, ಕಾಲಿಡುವುದು, ಮೂಟೆ ಇಡುವುದು ಅಲ್ಲೇ. ದಬ್ಬೆಯ ಹಸಿರು ಸಿಪ್ಪೆಯ ಮೈ ಹೊರಕ್ಕಿರಲಿ. ಬಿದಿರಿನ ಗಟ್ಟಿ ನಾರು ಇರುವುದು ಸಿಪ್ಪೆಯ ಪಕ್ಕ. ಬಗ್ಗಿಸುವಾಗ ಎಳೆತ ಬೀಳುವುದೂ ಹೊರಮೈಗೇ.

ತಳ ಮುಗಿದ ಮೇಲೆ ನಡುವೆ ಕಲ್ಲು ಹೇರಿ, ಅಂಚಿನ ದಬ್ಬೆಗಳಿಗೆ ಒಂದು ರಾತ್ರಿಯೆಲ್ಲ ಒದ್ದೆ ಗೋಣಿ ಹೊದಿಸಬೇಕು. ಮಾರನೆ ಬೆಳಿಗ್ಗೆ ಒಬ್ಬರು ದಬ್ಬೆ ಎತ್ತಿ ಹಿಡಿಯುವುದು, ಇನ್ನೊಬ್ಬರು ಬಿದಿರಿನ ಬಳೆಗೆ ಕಟ್ಟುವುದು. ಒಂದೇ ಕಡೆಯಿಂದ ಹೋಗದೆ ಎದುರು ಬದುರು ಎತ್ತುತ್ತಾ ಬಂದರೆ ದುಂಡು ಕೆಡುವುದಿಲ್ಲ. ಆಮೇಲೆ ತೆಳು ಸೀಳುಗಳನ್ನು ಸುತ್ತ ಹೆಣೆದು, ಬಾಯಿಗೆ ಒಳಗೊಂದು ಹೊರಗೊಂದು ದಪ್ಪ ದಬ್ಬೆ ಇಟ್ಟು ಬಿಗಿಯಬೇಕು. ಗೆಣ್ಣಿನ ಚೂಪು, ಸಿಬರು ಎಲ್ಲವನ್ನೂ ಮಚ್ಚಿನಿಂದ ಹೆರೆದು ನುಣುಪು ಮಾಡಿ. ಚೀಲ ತೂತಾಗುವುದು ಹೊರಗಿನ ಕಲ್ಲಿನಿಂದಷ್ಟೇ ಅಲ್ಲ, ಒಳಗಿನ ಸಿಬರಿನಿಂದಲೂ.

ಹೊದಿಕೆ, ಡಾಂಬರು

ಬುಟ್ಟಿ ಮಗುಚಿ ಹಾಕಿ, ಮೊದಲು ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಎರಡು ಪದರ ಚೀಲ ಎಳೆದು ಬಾಯಿಕಟ್ಟಿಗೆ ದಬ್ಬಳದಿಂದ ಹೊಲಿಯಬೇಕು. ಎರಡು ಪದರದ ಹೊಲಿಗೆ ಒಂದೇ ಜಾಗಕ್ಕೆ ಬರಬಾರದು.

ಡಾಂಬರು ಕಾಯಿಸುವಾಗ ಎಚ್ಚರ. ಕುದಿಯುವ ಡಾಂಬರನ್ನು ಹಾಗೇ ಸುರಿದರೆ ಚೀಲವೇ ಕರಗುತ್ತದೆ. ಒಲೆಯಿಂದ ಇಳಿಸಿ, ಜೋನಿಬೆಲ್ಲದ ಹದಕ್ಕೆ ಬಂದ ಮೇಲೆ ತೆಂಗಿನ ನಾರಿನ ಕುಂಚದಿಂದ ಬಳಿಯಬೇಕು. ಒಂದು ಬಳಿತ ಆರಿದ ಮೇಲೆ ಇನ್ನೊಂದು. ಒಲೆ ಮೇಲಿರುವಾಗ ಸೀಮೆಎಣ್ಣೆ ಬೆರೆಸಬಾರದು. ಬಾಂಡಲಿಗೆ ಬೆಂಕಿ ಹತ್ತಿದರೆ ನೀರು ಹಾಕಬಾರದು, ಸಿಡಿಯುತ್ತದೆ. ತಗಡು ಮುಚ್ಚಬೇಕು. ಮೈಗೆ ಅಂಟಿದರೆ ಕೀಳಬೇಡಿ. ಇಪ್ಪತ್ತು ನಿಮಿಷ ತಣ್ಣೀರು ಹರಿಸಿ, ಹಾಗೇ ಆಸ್ಪತ್ರೆಗೆ ಹೋಗಿ.

ಕಾಲಿನ ಸ್ಪರ್ಶ ಹೋದವರು ಆ ದಿನ ಹತ್ತು ಮಾರು ದೂರ ಇರಬೇಕು. ಕಾಲ ಮೇಲೆ ಬಿದ್ದ ಹನಿ ಸುಟ್ಟದ್ದೇ ಗೊತ್ತಾಗುವುದಿಲ್ಲ. ಪಕ್ಕದ ತೋಟದ ಹುಡುಗರಿಬ್ಬರು ಬಳಿದುಕೊಟ್ಟರು, ನಾನು ಕುರ್ಚಿಯಲ್ಲಿ ಕೂತು ಬಿಟ್ಟ ಜಾಗ ತೋರಿಸಿದೆ. ನೀರಿನ ತೊಟ್ಟಿಗೆ ಬಳಿಯುವ, ಬಿಸಿ ಬೇಡದ ಡಾಂಬರು ಪೇಂಟೂ ಅಂಗಡಿಯಲ್ಲಿ ಸಿಗುತ್ತದೆ.

ಸಕ್ಕರೆ ಕಾಯಿಲೆಯವರಿಗೆ ನಾಲ್ಕು ಮಾತು

ಬರಿಗಾಲಲ್ಲಿ ಬಿದಿರು ತುಳಿಯಬೇಡಿ. ಜೋಮು ಪಾದದವರಿಗೆಂದೇ ಎಂಸಿಆರ್ ಚಪ್ಪಲಿ ಇದೆ, ಹೊಲಕ್ಕೆ ಮುಚ್ಚಿದ ಬೂಟು ಇನ್ನೂ ಮೇಲು. ದಿನಾ ಸಂಜೆ ಪಾದದ ಅಡಿ, ಬೆರಳ ಸಂದು ನೋಡಿಕೊಳ್ಳಿ. ಬಗ್ಗಲಾಗದಿದ್ದರೆ ನೆಲದ ಮೇಲೆ ಕನ್ನಡಿ ಇಟ್ಟು ನೋಡಿ. ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಂಡು, ಊಟ ತಡ ಮಾಡಿ ಕೆಲಸ ಮಾಡಿದರೆ ಸಕ್ಕರೆ ಕುಸಿಯುತ್ತದೆ. ಬೆವರು, ನಡುಕ, ಕಣ್ಣು ಮಂಜು ಅದರ ಗುರುತು. ಜೇಬಿನಲ್ಲಿ ಬೆಲ್ಲ ಇರಲಿ. ನೀರಿನ ಮೇಲೆ ಹೋಗುವಾಗಂತೂ ಮರೆಯಲೇಬಾರದು.

ಹಾಯಿ ಕಟ್ಟಬಹುದೇ?

ಎಲ್ಲರೂ ಕೇಳುವ ಪ್ರಶ್ನೆ. ಚಿತ್ರದುರ್ಗದ ಜೋಗಿಮಟ್ಟಿ ಗುಡ್ಡದ ಮೇಲೆ ಗಾಳಿಯಂತ್ರ ತಿರುಗುವ ಜಿಲ್ಲೆ ನಮ್ಮದು. ಗಾಳಿಗೆ ಬರವಿಲ್ಲ. ಆದರೆ ಹರಿಗೋಲಿಗೆ ಕಂಬ ನಿಲ್ಲಿಸಿ ಹಾಯಿ ಕಟ್ಟಬಾರದು. ಹಾಯಿ ದೋಣಿ ಗಾಳಿಗೆ ಓರೆಯಾಗಿಯೂ ಹೋಗಬಲ್ಲದು, ಯಾಕೆಂದರೆ ಅದರ ತಳದಲ್ಲಿ ನೀರಿಗಿಳಿದ ಒಂದು ಹಲಗೆ ಇರುತ್ತದೆ. ಗಾಳಿ ಪಕ್ಕಕ್ಕೆ ತಳ್ಳುತ್ತದೆ, ಹಲಗೆ ಬಿಡುವುದಿಲ್ಲ. ಎರಡು ಬೆರಳ ನಡುವೆ ಒತ್ತಿದ ಹುಣಸೆ ಬೀಜ ಮುಂದಕ್ಕೆ ಚಿಮ್ಮುವಂತೆ ದೋಣಿ ಮುಂದಕ್ಕೆ ಜಾರುತ್ತದೆ. ಗಾಳಿಗೆ ನೇರ ಎದುರಾಗಿ ಅದೂ ಹೋಗದು. ಸುಮಾರು 45 ಡಿಗ್ರಿ ಓರೆಯಲ್ಲಿ ಅಂಕುಡೊಂಕಾಗಿ ಹೋಗಬೇಕು.

ಹರಿಗೋಲಿಗೆ ಆ ಹಲಗೆಯೂ ಇಲ್ಲ, ಚುಕ್ಕಾಣಿಯೂ ಇಲ್ಲ. ಗಾಳಿ ಕರೆದ ಕಡೆ ಹೋಗುತ್ತದೆ. ಹಿಂಗಾಳಿ ಇದ್ದಾಗ ಎರಡು ಬಿದಿರು ಕೋಲಿಗೆ ಹಳೆ ಪಂಚೆ ಕಟ್ಟಿ ಕೈಯಲ್ಲಿ ಹಿಡಿದರೆ ರಟ್ಟೆಗೆ ಬಿಡುವು ಸಿಗುತ್ತದೆ. ಕೈಯಲ್ಲೇ ಹಿಡಿಯಬೇಕು, ತೆಪ್ಪಕ್ಕೆ ಕಟ್ಟಬಾರದು. ಬಿರುಗಾಳಿ ಬಂದರೆ ಕೈ ಬಿಟ್ಟರಾಯಿತು. ಇನ್ನೊಂದು ಮಾತು. ಮುಂಗಾರಿನ ಗಾಳಿ ನಮ್ಮಲ್ಲಿ ನೈರುತ್ಯದಿಂದ ಬೀಸುತ್ತದೆ, ಅಂದರೆ ಹಿನ್ನೀರಿನಿಂದ ಕಟ್ಟೆಯ ಕಡೆಗೆ, ಆಳಕ್ಕೆ. ಜೂನ್‌ನಿಂದ ಆಗಸ್ಟ್ ತನಕ ಹಳ್ಳದ ಬಾಯಿ ದಾಟಿ ಹೋಗಲೇಬಾರದು.

ನೀರಿಗಿಳಿಯುವ ಮೊದಲು

ಮುಂಭಾಗದಲ್ಲಿ ತಗ್ಗಾಗಿ ಕೂತು ಹುಟ್ಟನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಹಾಕಿ ನೀರನ್ನು ತಮ್ಮತ್ತ ಎಳೆದುಕೊಳ್ಳಬೇಕು. ಮೊದಲ ನಾಲ್ಕು ದಿನ ತೆಪ್ಪ ಗಾಣದಂತೆ ಸುತ್ತುತ್ತದೆ, ಆಮೇಲೆ ಹದ ಸಿಗುತ್ತದೆ. ನಿಲ್ಲಬಾರದು, ಬಾಯಿಕಟ್ಟಿನ ಮೇಲೆ ಕೂರಬಾರದು.

ಜೀವರಕ್ಷಕ ಜಾಕೆಟ್ ತೊಟ್ಟೇ ಹತ್ತಿ. ಜೊತೆಗೆ ಮುಚ್ಚಳ ಬಿಗಿದ ಐದು ಲೀಟರಿನ ಎರಡು ಖಾಲಿ ಕ್ಯಾನ್ ತೆಪ್ಪಕ್ಕೆ ಕಟ್ಟಿರಲಿ. ಅವೆರಡೂ ಸೇರಿ ಹತ್ತು ಕಿಲೊದಷ್ಟು ಮೇಲಕ್ಕೆ ಎತ್ತುತ್ತವೆ, ನೀರಲ್ಲಿರುವ ಮನುಷ್ಯ ಹಿಡಿದು ತೇಲುವಷ್ಟು. ಮುಳುಗಿದ ತೋಟದ ಮೇಲೆ ಹೋಗುವಾಗ ಬೇಲಿ ತಂತಿ, ಮರದ ಮೋಟು ನೋಡಿಕೊಳ್ಳಿ. ಪಂಪ್‌ಸೆಟ್ಟಿನ ಸ್ಟಾರ್ಟರ್ ಪೆಟ್ಟಿಗೆ, ಕಂಬ ನೀರಲ್ಲಿದ್ದರೆ ಲೈನ್ ತೆಗೆಸಿದ್ದು ಖಾತ್ರಿಯಾಗುವ ತನಕ ಆ ಕಡೆ ಸುಳಿಯಬಾರದು. ಇನ್ನು ಮೀನು ಹಿಡಿಯುವುದು ಬೇರೆ ಮಾತು, ಅದಕ್ಕೆ ಮೀನುಗಾರಿಕೆ ಇಲಾಖೆಯ ಪರವಾನಗಿ ಬೇಕು.

ತೆಪ್ಪವನ್ನು ಬಿಸಿಲಿನಲ್ಲಿ ಬಿಡದೆ ನೆರಳಲ್ಲಿ ಮಗುಚಿ ಇಡಿ. ವರ್ಷಕ್ಕೊಮ್ಮೆ ಮಳೆಗೆ ಮುಂಚೆ ಒಂದು ಬಳಿತ ಡಾಂಬರು ಕೊಡಿ. ಸಣ್ಣ ತೂತಿಗೆ ಚೀಲದ ತೇಪೆ ಸಾಕು.

ಈಗ ವಾರಕ್ಕೆ ಮೂರು ದಿನ ತೋಟಕ್ಕೆ ಹೋಗಿ ಬರುತ್ತೇನೆ. ಬರುವಾಗ ಸುಲಿದ ಕಾಯಿ ಒಂದು ಮೂಟೆ ತರುತ್ತೇನೆ. ಮೂಟೆ ಎತ್ತಿಡುವುದು ಮಗಳ ಕೆಲಸ, ಹುಟ್ಟು ಹಾಕುವುದು ನನ್ನದು. ತೋಟ ಮಾರುವ ಮಾತು ಮನೆಯಲ್ಲಿ ನಿಂತಿದೆ.

ಹಿನ್ನೀರಿನ ಅಂಚಿನ ಬೇರೆ ಊರುಗಳಲ್ಲಿ ಇದಕ್ಕಿಂತ ಹಗುರದ, ಸುಲಭದ ದೋಣಿ ಮಾಡಿಕೊಂಡವರು ಇದ್ದರೆ ಪತ್ರಿಕೆಗೆ ಬರೆಯಿರಿ. ತಳದ ಹಲಗೆ, ಚುಕ್ಕಾಣಿ ಇಟ್ಟು ಪ್ಲೈವುಡ್ಡಿನ ಸಣ್ಣ ಹಾಯಿ ದೋಣಿ ಕಟ್ಟಿದವರಿದ್ದರಂತೂ ಖಂಡಿತ ಬರೆಯಿರಿ. ಸೊಂಟ ಒಪ್ಪಿದರೆ ಮುಂದಿನ ಬೇಸಿಗೆಗೆ ಅದಕ್ಕೂ ಕೈ ಹಾಕುವ ಮನಸ್ಸಿದೆ.