ಸಂಸಾರದ ನಡುವೆ ಕಥೆ: ಪುಣೆಯ ಲೇಖಕಿಯರು ಕಂಡುಕೊಂಡ ದಾರಿಗಳು

ಮಕ್ಕಳು, ಹಿರಿಯರು, ಬಂದುಹೋಗುವ ನೆಂಟರು ತುಂಬಿದ ಮನೆಯಲ್ಲಿ ಕಥೆ ಕಾದಂಬರಿ ಬರೆಯುವವರಿಗೆ ಮೊದಲು ಕಾಡುವುದು ಬಿಡುವಿನ ಕೊರತೆ. ಅದರಲ್ಲೂ ಕಾದಂಬರಿ ಕೇಳುವ ಬಿಡುವಿನ ಬಗೆಯೇ ಬೇರೆ. ಮನೆಯ ಲೆಕ್ಕವನ್ನು ಅರ್ಧಕ್ಕೆ ಬಿಟ್ಟು ಎದ್ದರೂ ಮತ್ತೆ ಕೂತು ಮುಂದುವರಿಸಬಹುದು. ಪಾತ್ರದ ಮಾತು ಕಿವಿಗೆ ಬೀಳುತ್ತಿರುವಾಗ ಕುಕ್ಕರ್ ಕೂಗಿದರೆ, ಬಿಟ್ಟ ಜಾಗಕ್ಕೆ ಮನಸ್ಸು ಮರಳುವಷ್ಟರಲ್ಲಿ ಮಗು ಶಾಲೆಯಿಂದ ಬಂದಿರುತ್ತದೆ.

ಈ ಕೊರತೆ ಎಲ್ಲರಿಗೂ ಸಮನಾಗಿ ಹಂಚಿಕೆಯಾಗಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 289 ನಿಮಿಷ ಕೊಡುತ್ತಾರೆ. ಮನೆಗೆಲಸಕ್ಕೆ ಕೈಹಾಕುವ ಗಂಡಸರು ಕೊಡುವುದು 88 ನಿಮಿಷ. ಮಕ್ಕಳು, ಮುದುಕರು, ಕಾಯಿಲೆಯವರ ಆರೈಕೆಯ ಲೆಕ್ಕ ಬೇರೆ: ಅಲ್ಲಿ ಹೆಂಗಸರದು 137 ನಿಮಿಷ, ಗಂಡಸರದು 75. ಹೀಗಾಗಿ ಸಂಸಾರ ಮತ್ತು ಬರವಣಿಗೆಯ ಹೊಂದಾಣಿಕೆಯ ಚರಿತ್ರೆ ಬಹುಮಟ್ಟಿಗೆ ಲೇಖಕಿಯರ ಚರಿತ್ರೆಯೇ. ಅದನ್ನು ಹತ್ತಿರದಿಂದ ನೋಡಲು ಪುಣೆ ಒಳ್ಳೆಯ ಜಾಗ. ಮರಾಠಿಯಲ್ಲಿ ಹೆಂಗಸರು ಕಾದಂಬರಿ ಬರೆಯಲು ತೊಡಗಿದ ಕಾಲದಿಂದಲೂ ಈ ಊರಿನ ನಂಟು ಆ ಬರವಣಿಗೆಗೆ ಇದೆ. ಕನ್ನಡದ ಕಾದಂಬರಿಗಳು ಮರಾಠಿಗೆ ಹೋದ ಒಂದು ಮುಖ್ಯ ದಾರಿಯೂ ಇಲ್ಲಿನ ಒಂದು ಮನೆಯ ಮೂಲಕವೇ ಹಾಯ್ದಿದೆ.

ಮರಾಠಿಯ ಮೊದಲ ಪ್ರಮುಖ ಕಾದಂಬರಿಗಾರ್ತಿ ಕಾಶೀಬಾಯಿ ಕಾನಿಟಕರ ಹುಟ್ಟಿದ್ದು 1861ರಲ್ಲಿ, ಸಾಂಗ್ಲಿ ಸೀಮೆಯ ಆಷ್ಟೆಯಲ್ಲಿ. ಮದುವೆಯಾದಾಗ ಒಂಬತ್ತು ವರ್ಷ. ಗಂಡ ಗೋವಿಂದ ವಾಸುದೇವ ಕಾನಿಟಕರ ಕವಿ, ಓದಿದವರು, ಹೆಂಡತಿಯೂ ಓದಬೇಕೆಂದು ಬಯಸಿದವರು. ಮನೆಯ ಹಿರಿಯರಿಗೆ ಅದು ಒಪ್ಪಿಗೆಯಿರಲಿಲ್ಲ. ಕಾಶೀಬಾಯಿ ಹಿರಿಯರ ಕಣ್ಣು ತಪ್ಪಿಸಿ ಅಕ್ಷರ ಕಲಿತರು. ಮುಂದೆ ಪುಣೆಯ ಕಾದಂಬರಿಕಾರ ಹರಿ ನಾರಾಯಣ ಆಪ್ಟೆಯವರ ಸ್ನೇಹ, ಪ್ರೋತ್ಸಾಹ ಅವರಿಗೆ ಸಿಕ್ಕಿತು. ಅವರ ಮೊದಲ ಕಾದಂಬರಿ ‘ರಂಗರಾವ್’ ಪತ್ರಿಕೆಯಲ್ಲಿ ಬಿಡಿಬಿಡಿಯಾಗಿ ಬಂದು 1903ರಲ್ಲಿ ಪುಸ್ತಕವಾಯಿತು. ಎರಡನೆಯದಾದ ‘ಪಾಲಖೀಚಾ ಗೋಂಡಾ’ ಹೊರಬಂದದ್ದು 1928ರಲ್ಲಿ. ಹೆಂಗಸರೇ ರಾಜ್ಯಭಾರ ಮಾಡುವ ನಾಡೊಂದನ್ನು ಕಲ್ಪಿಸುವ ಆ ಪುಸ್ತಕ ಬಂದಾಗ ಅವರಿಗೆ ಅರವತ್ತೇಳರ ಹತ್ತಿರ. ಎರಡು ಕಾದಂಬರಿಗಳ ನಡುವೆ ಇಪ್ಪತ್ತೈದು ವರ್ಷಗಳ ಅಂತರವಿದ್ದರೂ ಅವರು ಆ ಅವಧಿಯಲ್ಲಿ ಪೂರ್ತಿ ಸುಮ್ಮನಿರಲಿಲ್ಲ. ಸಣ್ಣಕಥೆಗಳು ಬರುತ್ತಲೇ ಇದ್ದವು.

ಇಂಥ ಅಂತರ ಮಾಲತಿಬಾಯಿ ಬೇಡೇಕರ ಅವರ ಬರವಣಿಗೆಯಲ್ಲೂ ಕಾಣುತ್ತದೆ. 1905ರಲ್ಲಿ ಪುಣೆ ಜಿಲ್ಲೆಯ ಘೋಡನದಿಯಲ್ಲಿ ಹುಟ್ಟಿ, ಹಿಂಗಣೆಯ ಹೆಣ್ಣುಮಕ್ಕಳ ಶಾಲೆಯಲ್ಲಿ ಪಾಠ ಹೇಳಿದವರು ಅವರು. ‘ವಿಭಾವರಿ ಶಿರೂರಕರ’ ಎಂಬ ಗುಪ್ತನಾಮದಲ್ಲಿ 1933ರಲ್ಲಿ ಬಂದ ಅವರ ಕಥಾಸಂಕಲನ ‘ಕಳ್ಯಾಂಚೆ ನಿಃಶ್ವಾಸ’ ಮಹಾರಾಷ್ಟ್ರವನ್ನು ಕಲಕಿಬಿಟ್ಟಿತು. ಓದಿದ, ಸಂಪಾದಿಸುವ, ಮದುವೆಯಾಗದ ಹುಡುಗಿಯರ ಮನಸ್ಸನ್ನು ಅಷ್ಟು ಬಿಚ್ಚಿ ಹೇಳಿದ್ದು ಯಾರೆಂದು ಊರೆಲ್ಲ ಹುಡುಕಿತು. ಖಂಡನಾ ಸಭೆಗಳೂ ನಡೆದವು. ಬೆನ್ನಿಗೇ ಎರಡು ಕಾದಂಬರಿಗಳು ಬಂದವು. 1938ರಲ್ಲಿ ಲೇಖಕ, ಚಿತ್ರನಿರ್ದೇಶಕ ವಿಶ್ರಾಮ ಬೇಡೇಕರರೊಡನೆ ಮದುವೆಯಾಯಿತು. ಮುಂದಿನ ಕಾದಂಬರಿ ‘ಬಳಿ’ ಬಂದದ್ದು 1950ರಲ್ಲಿ. ಈ ವಿರಾಮಕ್ಕೆ ಮದುವೆಯೊಂದೇ ಕಾರಣವೆನ್ನಲಾಗದು. ಬ್ರಿಟಿಷ್ ಸರ್ಕಾರ ‘ಅಪರಾಧಿ ಬುಡಕಟ್ಟು’ ಎಂದು ಹಣೆಪಟ್ಟಿ ಹಚ್ಚಿದ ಜನರ ವಸಾಹತಿನಲ್ಲಿ ಅವರು ನೌಕರಿ ಮಾಡಿದ್ದರು, ಆ ಅನುಭವವೇ ‘ಬಳಿ’ಯ ಒಡಲು. ಆದರೂ ಒಂಟಿಯಾಗಿದ್ದಾಗ ಎರಡು ಮೂರು ವರ್ಷದಲ್ಲಿ ಮೂರು ಪುಸ್ತಕ ಬರೆದ ಕೈ, ಸಂಸಾರ ಹೂಡಿದ ಮೇಲೆ ದಶಕ ಕಳೆದು ಮುಂದಿನ ಕಾದಂಬರಿ ಕೊಟ್ಟಿತೆಂಬುದನ್ನು ಕಡೆಗಣಿಸಲಾಗದು.

ಬಿಡುವು ಎಷ್ಟು ಉದ್ದವಿದೆ ಎಂಬುದು ಬರವಣಿಗೆಯ ಅಳತೆಯನ್ನೂ ತೀರ್ಮಾನಿಸುತ್ತದೆ. ಕೆನಡಾದ ಆಲಿಸ್ ಮನ್ರೊ ಕಾದಂಬರಿ ಬರೆಯಬೇಕೆಂದೇ ಇದ್ದವರು. ಪುಟ್ಟ ಮಕ್ಕಳು ನಿದ್ದೆ ಮಾಡುವಷ್ಟು ಹೊತ್ತು ಮಾತ್ರ ಕೈಗೆ ಸಿಗುತ್ತಿದ್ದುದರಿಂದ ಸಣ್ಣಕಥೆಗೆ ನಿಂತರು, ಅದರಿಂದಲೇ 2013ರಲ್ಲಿ ನೊಬೆಲ್ ಪಡೆದರು. ಪುಣೆಯಲ್ಲಿ ಹುಟ್ಟಿ, ಮೂವರು ಹೆಣ್ಣುಮಕ್ಕಳನ್ನು ಬೆಳೆಸಿದ ಗೌರಿ ದೇಶಪಾಂಡೆ (1942–2003) ಹೆಚ್ಚಾಗಿ ಆರಿಸಿಕೊಂಡದ್ದು ನೀಳ್ಗತೆಯನ್ನು. ‘ಏಕೇಕ ಪಾನ ಗಳಾವಯಾ’ (1980) ಅಂಥ ನೀಳ್ಗತೆಗಳ ಸಂಪುಟ. ಹಾಗೆಂದು ಉದ್ದದ ಕೆಲಸಕ್ಕೆ ಅವರು ಹೆದರಿದವರೇನಲ್ಲ. ‘ಅರೇಬಿಯನ್ ನೈಟ್ಸ್’ ಅನ್ನು ಹದಿನಾರು ಸಂಪುಟಗಳಲ್ಲಿ ಮರಾಠಿಗೆ ತಂದರು. ಅನುವಾದವನ್ನು ದಿನಕ್ಕೆ ನಾಲ್ಕು ಪುಟವೆಂದು ಮಾಡಿ ಮುಚ್ಚಿಡಬಹುದು. ಮುಂದಿನ ಪುಟ ನಾಳೆಯೂ ಅಲ್ಲೇ ಇರುತ್ತದೆ. ಸ್ವಂತ ಕಾದಂಬರಿಗೆ ಆ ಭರವಸೆಯಿಲ್ಲ.

ಮರಾಠಿ ಲೇಖಕಿಯರಿಗೆ ಅನುಕೂಲವಾದ ಇನ್ನೊಂದು ಏರ್ಪಾಡು ದೀಪಾವಳಿ ವಿಶೇಷಾಂಕ. 1909ರಲ್ಲಿ ‘ಮನೋರಂಜನ’ ಪತ್ರಿಕೆ ಆರಂಭಿಸಿದ ಈ ಪದ್ಧತಿ ಇಂದು ಮಹಾರಾಷ್ಟ್ರದ ಹಬ್ಬದ ಭಾಗವೇ ಆಗಿದೆ. ವರ್ಷಕ್ಕೊಂದು ಒಳ್ಳೆಯ ಕಥೆ, ಗೊತ್ತಾದ ಗಡುವು, ಕಾಯುವ ಓದುಗ: ಮಕ್ಕಳೊಂದಿಗರಿಗೆ ಇದು ಹೇಳಿಮಾಡಿಸಿದ ಲಯ. ಹಬ್ಬದ ಚಕ್ಕುಲಿ ಕರಂಜಿಗಳ ಗಡಿಬಿಡಿ ಶುರುವಾಗುವ ಹೊತ್ತಿಗೆ ಕಥೆ ಅಚ್ಚಿಗೆ ಹೋಗಿರುತ್ತದೆ. ಕನ್ನಡದಲ್ಲಿ ‘ಪ್ರಜಾವಾಣಿ’ಯ ದೀಪಾವಳಿ ಕಥಾಸ್ಪರ್ಧೆ ಇದೇ ಕೆಲಸ ಮಾಡುತ್ತಾ ಬಂದಿದೆ. ವಾರಪತ್ರಿಕೆಗಳ ಧಾರಾವಾಹಿ ಇನ್ನೂ ಬಿಗಿಯಾದ ಶಿಸ್ತು. ಒಂದು ಕಂತು ತಪ್ಪಿದರೆ ಸಂಪಾದಕರ ಫೋನು ಬರುವುದರಿಂದ, ಬರೆಯುವುದು ಮನೆಯವರ ಕಣ್ಣಿಗೂ ಹವ್ಯಾಸವಾಗಿ ಉಳಿಯದೆ ಕೆಲಸವಾಗಿ ಕಾಣತೊಡಗುತ್ತದೆ.

ಬರೆಯುವ ಜಾಗದ ಪ್ರಶ್ನೆಗೆ ಕಮಲಾ ದಾಸ್ ಒಂದು ಉತ್ತರ. ಹದಿನೈದನೆಯ ವಯಸ್ಸಿಗೆ ಮದುವೆಯಾಗಿ, ಮೂವರು ಗಂಡುಮಕ್ಕಳನ್ನು ಬೆಳೆಸುತ್ತಾ ಇಂಗ್ಲಿಷಿನಲ್ಲಿ ಕವಿತೆ, ಮಾಧವಿಕುಟ್ಟಿ ಎಂಬ ಹೆಸರಿನಲ್ಲಿ ಮಲಯಾಳಂ ಕಥೆ ಬರೆದವರು ಅವರು. ತರಕಾರಿ ಹೆಚ್ಚುವ ಅಡುಗೆಮನೆಯ ಮೇಜೇ ತಮ್ಮ ಬರೆಯುವ ಮೇಜು, ರಾತ್ರಿ ತಟ್ಟೆಗಳನ್ನೆಲ್ಲ ತೆಗೆದ ಮೇಲೆ ಅಲ್ಲೇ ಕೂತು ಟೈಪ್ ಮಾಡುತ್ತಿದ್ದೆ ಎಂದು ಅವರು ಹೇಳಿಕೊಂಡಿದ್ದಾರೆ. ಮಗನ ಜೊತೆ ಇರಲು ಪುಣೆಗೆ ಬಂದು, 2009ರ ಮೇ 31ರಂದು ಇಲ್ಲೇ ತೀರಿಕೊಂಡರು. ರಾತ್ರಿಯ ನಿದ್ದೆಯನ್ನು ಕೊಟ್ಟು ಕಥೆಯನ್ನು ಪಡೆಯುವ ಈ ವ್ಯವಹಾರವನ್ನು ಸಾಹಸವೆಂದು ಹೊಗಳುವುದು ಸುಲಭ. ಆದರೆ ಅದರ ಬೆಲೆಯನ್ನು ದೇಹ ತೆರುತ್ತದೆ.

ಕನ್ನಡದಲ್ಲಿ ಆ ಬೆಲೆಯನ್ನು ನೆನೆಯುವಾಗ ತ್ರಿವೇಣಿಯವರ ಹೆಸರು ಮುಂದೆ ಬರುತ್ತದೆ. ಮೈಸೂರಿನ ಅನಸೂಯಾ ಶಂಕರ್, ಅಂದರೆ ತ್ರಿವೇಣಿ, ಸುಮಾರು ಹತ್ತು ವರ್ಷಗಳಲ್ಲಿ ಇಪ್ಪತ್ತರ ಆಸುಪಾಸು ಕಾದಂಬರಿ ಬರೆದರು. 1963ರ ಜುಲೈನಲ್ಲಿ, ಹೆರಿಗೆಯಾದ ಕೆಲವೇ ದಿನಗಳಲ್ಲಿ, ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಬಾಣಂತನದ ಮಾನಸಿಕ ಕಾಯಿಲೆಯಿಂದ ಗುಣವಾಗಿ ಬಂದರೂ ಮನೆಯವರು ಒಪ್ಪಿಕೊಳ್ಳದ ಹೆಣ್ಣಿನ ಕಥೆ ‘ಶರಪಂಜರ’ ಅವರದೇ. ಹಾಸನದ ವಕೀಲೆ ಬಾನು ಮುಷ್ತಾಕ್ ಅವರ ಬದುಕಿನಲ್ಲೂ ಹೆರಿಗೆಯ ನಂತರದ ಖಿನ್ನತೆಗೂ ಬರವಣಿಗೆಗೂ ನಂಟಿದೆ. ಇಪ್ಪತ್ತೊಂಬತ್ತರ ಪ್ರಾಯದಲ್ಲಿ ಆ ಕತ್ತಲೆಯಲ್ಲಿದ್ದಾಗ ಬರವಣಿಗೆಯತ್ತ ತಿರುಗಿದ್ದನ್ನು ಅವರು ಸಂದರ್ಶನಗಳಲ್ಲಿ ಹೇಳಿದ್ದಾರೆ. ಅವರ ಕಥೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ 2025ರ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಪಡೆಯಿತು.

ಕೆಲವರು ಮಕ್ಕಳು ದೊಡ್ಡವರಾಗುವವರೆಗೆ ಕಾದರು. ತೀರ್ಥಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ಎಂ. ಕೆ. ಇಂದಿರಾ ಅವರ ಮೊದಲ ಕಾದಂಬರಿ ‘ತುಂಗಭದ್ರಾ’ ಬಂದದ್ದು 1963ರಲ್ಲಿ. ಆಮೇಲೆ ಐವತ್ತರ ಹತ್ತಿರ ಪುಸ್ತಕಗಳು, ಅವುಗಳ ನಡುವೆ ‘ಫಣಿಯಮ್ಮ’. ಕಾಸರಗೋಡಿನ ಸಾರಾ ಅಬೂಬಕ್ಕರ್ ನಾಲ್ವರು ಗಂಡುಮಕ್ಕಳನ್ನು ಬೆಳೆಸಿ, ನಲವತ್ತು ದಾಟಿದ ಮೇಲೆ ‘ಲಂಕೇಶ್ ಪತ್ರಿಕೆ’ಯ ಮೂಲಕ ಓದುಗರಿಗೆ ಪರಿಚಿತರಾದರು. ಅನುಪಮಾ ನಿರಂಜನ ಇನ್ನೊಂದು ದಾರಿ ಹಿಡಿದರು. ವೈದ್ಯೆಯಾಗಿ, ಇಬ್ಬರು ಹೆಣ್ಣುಮಕ್ಕಳ ತಾಯಿಯಾಗಿ ಇದ್ದ ಅವರು ಮಕ್ಕಳಿಗೆ ಕಥೆ ಹೇಳುವ ಕೆಲಸವನ್ನೇ ಸಾಹಿತ್ಯವಾಗಿಸಿ ‘ದಿನಕ್ಕೊಂದು ಕಥೆ’ಯ ಹನ್ನೆರಡು ಸಂಪುಟ ಕೊಟ್ಟರು. ತಡವಾಗಿ ಬರೆದವರ ಪುಸ್ತಕದಲ್ಲಿ ಅಡುಗೆಮನೆಯ, ಬಾಣಂತಿ ಕೋಣೆಯ, ಹಿತ್ತಿಲ ಮಾತಿನ ಖಚಿತವಾದ ತಿಳಿವಳಿಕೆ ಇರುವುದು ನಿಜ. ಆದರೆ ಮೂವತ್ತನೆಯ ವಯಸ್ಸಿನಲ್ಲಿ ಬರೆಯಬಹುದಾಗಿದ್ದ ಕಾದಂಬರಿ ನಲವತ್ತೈದರಲ್ಲಿ ಹಾಗೆಯೇ ಸಿಗುವುದಿಲ್ಲ.

ಮನೆಯೇ ಬರವಣಿಗೆಯ ಜೊತೆ ನಿಂತರೆ ಏನಾಗುತ್ತದೆ ಎಂಬುದಕ್ಕೆ ಪುಣೆಯ ಉಮಾ ಮತ್ತು ವಿರೂಪಾಕ್ಷ ಕುಲಕರ್ಣಿ ದಂಪತಿ ಸಾಕ್ಷಿ. ಉಮಾ ಅವರ ಮನೆಮಾತು ಮರಾಠಿ. ಕನ್ನಡ ಕಿವಿಯಿಂದ ಚೆನ್ನಾಗಿ ಬರುತ್ತಿತ್ತು, ಲಿಪಿಯ ಬಳಕೆ ಮಾತ್ರ ಅಷ್ಟಾಗಿರಲಿಲ್ಲ. ವಿರೂಪಾಕ್ಷ ಅವರು ಕನ್ನಡದ ಕಾದಂಬರಿಯನ್ನು ಗಟ್ಟಿಯಾಗಿ ಓದಿ ಟೇಪಿನಲ್ಲಿ ಹಿಡಿದಿಡುತ್ತಿದ್ದರು. ಉಮಾ ಕ್ಯಾಸೆಟ್ ಹಾಕಿ ಕೇಳುತ್ತಾ, ನಿಲ್ಲಿಸುತ್ತಾ, ಮತ್ತೆ ಕೇಳುತ್ತಾ ಮರಾಠಿಯಲ್ಲಿ ಬರೆದುಕೊಳ್ಳುತ್ತಿದ್ದರು. ಗಂಡ ಮನೆಯಲ್ಲಿಲ್ಲದ ಹೊತ್ತಿನಲ್ಲೂ ಅವನ ಪಾಲಿನ ಕೆಲಸ ಸಾಗುತ್ತಿತ್ತು. ಹೆಂಡತಿ ತನಗೆ ಬೇಕಾದಾಗ ಕೂರಬಹುದಿತ್ತು, ಬೇಡವಾದಾಗ ಗುಂಡಿ ಒತ್ತಿ ಏಳಬಹುದಿತ್ತು. ಶಿವರಾಮ ಕಾರಂತರ ಕೃತಿಗಳು, ಭೈರಪ್ಪನವರ ‘ಪರ್ವ’ ಮತ್ತು ‘ಆವರಣ’, ಕಾರ್ನಾಡರ ಆತ್ಮಕಥೆ ಮೊದಲಾದವು ಉಮಾ ಅವರ ಕೈಯಿಂದ ಮರಾಠಿ ಓದುಗರನ್ನು ತಲುಪಿದವು. ವಿರೂಪಾಕ್ಷ ಅವರು ಮರಾಠಿಯಿಂದ ಕನ್ನಡಕ್ಕೆ ಅನುವಾದಿಸಿದರು. ಇದು ಸ್ವಂತ ಕಥಾರಚನೆಯಲ್ಲ, ಕಥೆಯ ಅನುವಾದ. ಆದರೂ ಮನೆಯೊಂದು ಬರವಣಿಗೆಗೆ ತನ್ನ ದಿನಚರಿಯನ್ನು ಹೊಂದಿಸಿಕೊಂಡ ಇಷ್ಟು ಸ್ಪಷ್ಟವಾದ ಉದಾಹರಣೆ ಅಪರೂಪ.

ಗಂಡಸು ಲೇಖಕನಾದಾಗ ಈ ಹೊಂದಾಣಿಕೆ ತಾನಾಗಿಯೇ ಆಗುತ್ತಿತ್ತು, ಯಾರೂ ಅದನ್ನು ಹೊಂದಾಣಿಕೆ ಎನ್ನುತ್ತಿರಲಿಲ್ಲ. ಮರಾಠಿಯ ಹೆಸರಾಂತ ಲೇಖಕ ಪು. ಲ. ದೇಶಪಾಂಡೆಯವರ ಪತ್ನಿ ಸುನೀತಾಬಾಯಿ 1990ರಲ್ಲಿ ‘ಆಹೇ ಮನೋಹರ ತರೀ’ ಎಂಬ ಆತ್ಮಕಥನ ಬರೆದು, ದೊಡ್ಡ ಲೇಖಕನ ಹಿಂದಿನ ದುಡಿಮೆ ಎಂಥದೆಂದು ತೋರಿಸಿದರು. ಅವರಿಗಾಗ ಅರವತ್ತು ದಾಟಿತ್ತು.

ಇಂದಿನ ಪುಣೆಯ ಸಂಸಾರ ಬೇರೆ. ಹಿಂಜವಾಡಿ, ಖರಾಡಿಯ ಕಂಪನಿಗಳ ಕೆಲಸಕ್ಕೆಂದು ಕರ್ನಾಟಕದಿಂದ ಬಂದ ಮನೆಗಳಲ್ಲಿ ಎಷ್ಟೋ ಕಡೆ ಗಂಡ ಹೆಂಡತಿ ಇಬ್ಬರೂ ದುಡಿಯುತ್ತಾರೆ, ಅಜ್ಜಿ ಊರಲ್ಲಿರುತ್ತಾರೆ. ಬೆಳಿಗ್ಗೆ ಡಬ್ಬಿ ಕಟ್ಟಿ ಮಗುವನ್ನು ರಿಕ್ಷಾ ಕಾಕಾನ ಕೈಗೆ ಒಪ್ಪಿಸುವವರೆಗೆ ಮನೆಯಲ್ಲಿ ಉಸಿರಾಡಲು ಬಿಡುವಿಲ್ಲ. ಹಳೆಯ ಪೇಠೆಗಳ ಅಂಗಡಿಗಳು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಿದ್ದ ಕಾಲದಲ್ಲಿ ಗೃಹಿಣಿಗೂ ಅದೇ ಬರೆಯುವ ಹೊತ್ತಾಗಬಹುದಿತ್ತು. ನೌಕರಿಯ ಹೆಣ್ಣಿಗೆ ಆ ಮಧ್ಯಾಹ್ನವೂ ಇಲ್ಲ. ಬದಲಿಗೆ ಸಿಕ್ಕಿರುವುದು ಫೋನು. ಬಸ್ಸಿನಲ್ಲಿ ಒಂದು ಸಂಭಾಷಣೆಯನ್ನು ಕನ್ನಡದಲ್ಲಿ ಟೈಪ್ ಮಾಡಬಹುದು, ಮಗುವಿನ ಈಜು ತರಗತಿಯ ಹೊರಗೆ ಕೂತು ಮಾತಿನಲ್ಲೇ ಬರೆಸಬಹುದು. ಸದಾಶಿವ ಪೇಠೆಯಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಹುಡುಗರಿಗೆಂದು ತಿಂಗಳ ಬಾಡಿಗೆಗೆ ಸಿಗುವ ‘ಅಭ್ಯಾಸಿಕೆ’ಗಳಂಥ ಸದ್ದಿಲ್ಲದ ಮೇಜು, ಮನೆಯಲ್ಲಿ ಕೋಣೆಯಿಲ್ಲದ ಲೇಖಕಿಗೂ ಒಪ್ಪುವ ಜಾಗವೇ.

ಉಪಕರಣ, ಜಾಗ ಎರಡೂ ಸಿಕ್ಕರೂ ಮುಖ್ಯವಾದ ಒಂದು ಹೊರೆ ಉಳಿಯುತ್ತದೆ: ಮನೆಯ ಯೋಚನೆ. ‘ಏನಾದರೂ ಸಹಾಯ ಮಾಡಲಾ?’ ಎಂದು ಕೇಳುವ ಗಂಡನಿಗೆ ಮಾಡುವುದನ್ನು ಹೇಳಿಕೊಡುವ ಕೆಲಸ ಹೆಂಡತಿಯದೇ ಆಗಿರುತ್ತದೆ. ಹಾಲು ಮುಗಿದಿದೆಯೆಂದು, ನಾಳೆ ಮಗುವಿಗೆ ಪರೀಕ್ಷೆಯಿದೆಯೆಂದು ನೆನಪಿಟ್ಟುಕೊಂಡ ತಲೆಯಲ್ಲಿ ಪಾತ್ರಗಳಿಗೆ ಜಾಗ ಸಿಗುವುದು ಕಷ್ಟ. ಆದ್ದರಿಂದ ಮನೆಯಲ್ಲಿ ಕಥೆ ಬರೆಯುವವರಿದ್ದರೆ ಉಳಿದವರು ವಾರದಲ್ಲಿ ಎರಡು ಸಂಜೆಯಾದರೂ ಅಡುಗೆ, ಮಕ್ಕಳ ಪಾಠ, ಬಂದವರ ಉಪಚಾರವನ್ನೆಲ್ಲ ಪೂರ್ತಿಯಾಗಿ ವಹಿಸಿಕೊಳ್ಳಲಿ, ಏನು ಮಾಡಬೇಕೆಂದು ಅವರನ್ನು ಕೇಳದೆಯೇ.