ಕೃಷ್ಣೆಯ ಮೊಸಳೆಗೆ ದಡವೆಲ್ಲಿ?

ಪ್ರಶ್ನೆ: ನೆರೆ ಬಂದಾಗಲೆಲ್ಲ ಮೊಸಳೆಗಳು ನಮ್ಮ ಕಬ್ಬಿನ ಹೊಲಕ್ಕೆ ಬರುತ್ತವೆ. ಮಾರ್ಪಡುತ್ತಿರುವ ಹವಾಮಾನದಲ್ಲಿ ಅವು ನದಿಯಲ್ಲಿಯೇ ಬದುಕುವಂತೆ ಏನು ಮಾಡಬಹುದು?
– ಓದುಗರೊಬ್ಬರು, ಅಥಣಿ ತಾಲ್ಲೂಕು

ಉತ್ತರ: ಚಿಕ್ಕೋಡಿ, ರಾಯಬಾಗ, ಕಾಗವಾಡ, ಅಥಣಿಗಳ ಸೀಮೆಯಲ್ಲಿ ಹರಿಯುವ ಕೃಷ್ಣೆಯು 2019ರ ಬೇಸಗೆಯಲ್ಲಿ ಬತ್ತಿ, ಮಹಾರಾಷ್ಟ್ರದ ಜಲಾಶಯಗಳ ನೀರಿಗಾಗಿ ಜನರು ಮೊರೆಯಿಡುವಂತಾಗಿ, ಅದೇ ಆಗಸ್ಟಿನಲ್ಲಿ ವೇದಗಂಗಾ, ದೂಧಗಂಗೆಯರೊಡನೆ ಉಕ್ಕಿ ನಿಪ್ಪಾಣಿಯ ಕಡೆಯಿಂದ ಮೊದಲ್ಗೊಂಡು ಊರೂರುಗಳನ್ನು ಮುಳುಗಿಸಿತು. ರಾಯಬಾಗ ತಾಲ್ಲೂಕಿನ ಜಲಾವೃತ ಗ್ರಾಮವೊಂದರಲ್ಲಿ ಮೊಸಳೆಯೊಂದು ಮನೆಯ ಛಾವಣಿಯನ್ನೇರಿ ಬಾಯ್ದೆರೆದು ಕುಳಿತುದನ್ನು ನಾಡೆಲ್ಲ ಚಿತ್ರದಲ್ಲಿ ನೋಡಿತು. ಆ ಪ್ರಾಣಿ ಆಕ್ರಮಣಕ್ಕೆ ಬಂದುದಲ್ಲ, ಪ್ರವಾಹದಲ್ಲಿ ಆಸರೆಯನ್ನರಸಿ ಬಂದುದು.

ಬೇಸಗೆಯ ಆರಂಭದಲ್ಲಿ ಹೆಣ್ಣು ಮೊಸಳೆಯು ದಡದ ಮರಳಿನಲ್ಲಿ ಕುಳಿ ತೋಡಿ, ಇಪ್ಪತ್ತು ಮೂವತ್ತು ಮೊಟ್ಟೆಗಳನ್ನಿಟ್ಟು ಮುಚ್ಚಿ, ಸುಮಾರು ಎರಡು ತಿಂಗಳು ಕಾವಲಿರುತ್ತದೆ. ವಿಸ್ಮಯವೆಂದರೆ, ಮರಿಯ ಲಿಂಗವನ್ನು ನಿರ್ಣಯಿಸುವುದು ಗೂಡಿನ ಉಷ್ಣತೆಯೇ: 32.5 ಡಿಗ್ರಿಯ ಆಸುಪಾಸಿನಲ್ಲಿ ಗಂಡುಗಳೇ ಅಧಿಕ, 31ಕ್ಕಿಂತ ಕೆಳಗೆ ಹೆಣ್ಣುಗಳೇ. ಆದುದರಿಂದ ನೆಲದ ಕಾವು ಏರುತ್ತಿರುವಾಗ ದಂಡೆಯ ನೆರಳನ್ನು ಕಡಿಯುವುದೂ, ಮರಳನ್ನು ಬಗೆದೊಯ್ಯುವುದೂ ಆ ಸಂತತಿಯ ಬುಡಕ್ಕೇ ಕೊಡಲಿಯಿಟ್ಟಂತೆ.

ಕಬ್ಬನ್ನು ನೀರಂಚಿನವರೆಗೂ ಹಚ್ಚದೆ ದಂಡೆಯುದ್ದಕ್ಕೂ ಒಂದು ಪಟ್ಟಿಯನ್ನು ಬಿಟ್ಟು, ಅಲ್ಲಿ ಹೊಂಗೆ, ಅತ್ತಿ, ನೇರಳೆಗಳನ್ನು ಬೆಳೆಸಿ, ನಡುನಡುವೆ ಬಿಸಿಲು ಬೀಳುವ ಮರಳದಿನ್ನೆಗಳನ್ನು ಮುಟ್ಟದೆ ಉಳಿಸಬೇಕು. ಎಲ್ಲಕ್ಕಿಂತ ಮಿಗಿಲಾಗಿ, ಬೇಸಗೆಯಲ್ಲಿ ಆಳವಾದ ಮಡುಗಳ ನೀರನ್ನು ಪಂಪುಗಳಿಂದ ತಳಕಾಣುವಂತೆ ಎತ್ತಬಾರದು. ನದಿ ಒಣಗಿದಾಗ ಮೊಸಳೆಗೂ ಮೀನಿಗೂ ಅವೇ ಗತಿ. ಹೊಲದಲ್ಲಿ ಮೊಸಳೆ ಕಂಡರೆ ದೂರ ಸರಿದು, ಕೂಡಲೆ ಅರಣ್ಯ ಇಲಾಖೆಗೆ ತಿಳಿಸಿರಿ.