ತಿರುಗದ ಕಡೆಗೂ ಗ್ರೀಸು ಬೇಕು: ಸೈಕಲ್ ಸೀಟಿನ ಪಿಲ್ಲರ್ ಮತ್ತು ಬೋಲ್ಟಿನ ಆರೈಕೆ



ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕದೆ ಕಬ್ಬು ಹೇರುವ ಪದ್ಧತಿ ನಮ್ಮ ಮಂಡ್ಯ ಸೀಮೆಯಲ್ಲಿ ಇರಲಿಲ್ಲ. ಸೈಕಲ್ಲಿನ ವಿಷಯದಲ್ಲೂ ನಾವು ಅದೇ ಅಭ್ಯಾಸವನ್ನು ಪಾಲಿಸುತ್ತೇವೆ. ಚೈನು, ಹಬ್ಬು, ಪೆಡಲು ಕಿರುಗುಟ್ಟಿದರೆ ಎಣ್ಣೆ ಬಿಡುತ್ತೇವೆ. ಆದರೆ ಸೀಟನ್ನು ಹೊತ್ತು ನಿಂತ ಕೊಳವೆ, ಅಂದರೆ ಷಾಪಿನವರು ಸೀಟ್ ಪಿಲ್ಲರ್ ಎನ್ನುವ ಭಾಗ, ತಿರುಗುವುದೂ ಇಲ್ಲ, ಸದ್ದು ಮಾಡುವುದೂ ಇಲ್ಲ. ಆದ್ದರಿಂದ ಕೊಂಡ ದಿನ ಬಿಗಿಸಿದ್ದನ್ನು ಮತ್ತೆ ಯಾರೂ ಮುಟ್ಟುವುದಿಲ್ಲ. ಅದು ಒಳಗೇ ತುಕ್ಕು ಹಿಡಿದು ಫ್ರೇಮಿಗೆ ಕಚ್ಚಿಕೊಂಡ ಮೇಲೆ ನಮಗೆ ಅದರ ನೆನಪಾಗುತ್ತದೆ.

ಇದು ಸಣ್ಣ ವಿಷಯವಲ್ಲ. 2006-07ರಲ್ಲಿ ರಾಜ್ಯ ಸರ್ಕಾರ 8ನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಆರಂಭಿಸಿತು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಆಗ ಬಂದ ಸೈಕಲ್ಲುಗಳು ಮದ್ದೂರು, ಮಳವಳ್ಳಿ ಕಡೆಯ ಎಷ್ಟೋ ಮನೆಗಳ ಜಗಲಿ, ಕೊಟ್ಟಿಗೆಗಳಲ್ಲಿ ಇನ್ನೂ ಇವೆ. ಅಕ್ಕ ಬಿಟ್ಟದ್ದನ್ನು ತಮ್ಮ ತುಳಿಯುತ್ತಾನೆ. ತಮ್ಮ ಬಿಟ್ಟ ಮೇಲೆ ಅದೇ ಸೈಕಲ್ಲು ಡೇರಿಗೆ ಹಾಲಿನ ಕ್ಯಾನು, ತೋಟದಿಂದ ಎಳನೀರು ಹೊರುತ್ತದೆ. 13 ವರ್ಷದ ಮಗುವಿಗೆ ಸರಿಯಾಗಿದ್ದ ಸೀಟಿನ ಎತ್ತರ 16ನೇ ವಯಸ್ಸಿಗೆ ಸಾಲದು. ಸೀಟು ಮೇಲೇಳದಿದ್ದರೆ ಮಂಡಿ ಮಡಚಿಕೊಂಡೇ ತುಳಿಯಬೇಕು. ಮಂಡಿ ನೋವು ಬರುತ್ತದೆ, ದಣಿವು ಹೆಚ್ಚುತ್ತದೆ, ಕಡೆಗೆ ಗಟ್ಟಿಮುಟ್ಟಾದ ಸೈಕಲ್ಲು ಗುಜರಿಗೆ ಹೋಗುತ್ತದೆ. ಇನ್ನು ತುಕ್ಕು ತಿಂದ ಬೋಲ್ಟು ನಾಲೆ ಏರಿಯ ಮೇಲೆ ತುಂಡಾದರೆ ಆಗುವ ಅನಾಹುತವನ್ನು ಹೇಳಬೇಕಾಗಿಲ್ಲ.

ಕಚ್ಚಿಕೊಳ್ಳಲು ಕಾರಣ

ಪಿಲ್ಲರ್ ಇಳಿಯುವ ಫ್ರೇಮಿನ ಬಾಯಲ್ಲಿ ಒಂದು ಸೀಳು ಇರುತ್ತದೆ. ಬೋಲ್ಟು ಬಿಗಿಸಿದಾಗ ಈ ಸೀಳು ಕೂಡಿಕೊಂಡು ಪಿಲ್ಲರನ್ನು ಹಿಡಿಯುತ್ತದೆ. ಮಳೆಯ ನೀರು, ಸೈಕಲ್ ತೊಳೆದ ನೀರು ಒಳಗಿಳಿಯುವುದು ಇದೇ ಸೀಳಿನಿಂದ. ಒಳಗೆ ಹೋದ ನೀರು ಬೇಗ ಆರುವುದಿಲ್ಲ. ಕಬ್ಬಿಣವು ತುಕ್ಕಾದಾಗ ಮೊದಲಿಗಿಂತ ಹೆಚ್ಚು ಜಾಗ ಹಿಡಿಯುತ್ತದೆ. ಸಡಿಲವಾದ ಗುದ್ದಲಿಯ ಕಾವನ್ನು ನೀರಿನಲ್ಲಿ ನೆನೆಹಾಕಿದರೆ ಮರ ಉಬ್ಬಿ ಬಿಗಿಯಾಗುವಂತೆ, ತುಕ್ಕು ಉಬ್ಬಿ ಪಿಲ್ಲರನ್ನು ಬಿಗಿಯುತ್ತದೆ. ಕಾವು ಒಣಗಿದರೆ ಮತ್ತೆ ಸಡಿಲವಾಗುತ್ತದೆ, ತುಕ್ಕು ಸಡಿಲವಾಗುವುದಿಲ್ಲ.

ತೋಟಗಾರರ ಸೈಕಲ್ಲಿಗೆ ಇನ್ನೊಂದು ಕಾಟವಿದೆ. ಬೋರ್ಡೋ ದ್ರಾವಣ ಹದವಾಗಿದೆಯೇ ಎಂದು ನೋಡಲು ಹೊಳೆಯುವ ಚಾಕುವನ್ನು ಅದ್ದುವುದು ನಮಗೆಲ್ಲ ಗೊತ್ತು. ಸುಣ್ಣ ಸಾಲದಿದ್ದರೆ ಚಾಕುವಿನ ಮೇಲೆ ತಾಮ್ರದ ಕೆಂಪು ಕೂರುತ್ತದೆ. ತಾಮ್ರ ಕೂತಷ್ಟೂ ಚಾಕುವಿನ ಕಬ್ಬಿಣ ಕರಗಿರುತ್ತದೆ. ಕ್ಯಾರಿಯರಿನ ಮೇಲೆ ಒಯ್ಯುವ ಮೈಲುತುತ್ತದ ಪುಡಿ ಒದ್ದೆಯಾಗಿ ಬೋಲ್ಟಿನ ಮೇಲೆ ಬಿದ್ದರೂ ಇದೇ ಕೆಲಸ ನಡೆಯುತ್ತದೆ. ಪೊಟ್ಯಾಷ್ ಗೊಬ್ಬರವೂ ಉಪ್ಪಿನ ಜಾತಿಯದೇ. ಅದು ಸೋಕಿದ ಕಡೆ ತುಕ್ಕು ಬೇಗ ಹಿಡಿಯುತ್ತದೆ. ಗೊಬ್ಬರ, ತುತ್ತ ಹೇರಿದ ದಿನ ಸೈಕಲ್ಲನ್ನು ಒರೆಸಿಯೇ ನಿಲ್ಲಿಸಬೇಕು.

ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುವುದು ಸುಲಭವಾಗಿ ತಿರುಗಲೆಂದು. ಪಿಲ್ಲರಿಗೆ ಗ್ರೀಸು ಹಚ್ಚುವುದು ನೀರು, ಗಾಳಿ ಕಬ್ಬಿಣಕ್ಕೆ ಸೋಕದಿರಲೆಂದು. ಈ ವ್ಯತ್ಯಾಸ ತಿಳಿದರೆ ತಿರುಗದ ಕಡೆಗೂ ಗ್ರೀಸು ಏಕೆ ಬೇಕೆಂಬುದು ಅರ್ಥವಾಗುತ್ತದೆ.

ಮಾಡುವ ಕ್ರಮ

ಬೇಕಾದ ಸಾಮಾನು: ಅಳತೆಗೆ ಸರಿಯಾದ ಸ್ಪ್ಯಾನರು, ಸ್ವಲ್ಪ ಡೀಸೆಲ್, ಉಪ್ಪುಕಾಗದ, ಹಳೆಯ ಬಟ್ಟೆ, ಒಂದು ಅಡಿಕೆ ದಬ್ಬೆ, ಎರಡು ಚಮಚದಷ್ಟು ಗ್ರೀಸು.

1. ಪಿಲ್ಲರ್ ಈಗ ಎಷ್ಟು ಎತ್ತರದಲ್ಲಿದೆ ಎಂಬುದಕ್ಕೆ ಫ್ರೇಮಿನ ಬಾಯಿಯ ಮಟ್ಟದಲ್ಲಿ ದಾರ ಕಟ್ಟಿ ಗುರುತು ಮಾಡಿಕೊಳ್ಳಿ.

2. ಬೋಲ್ಟು ಸಡಿಲಿಸಿ, ಸೀಟನ್ನು ಎರಡೂ ಕೈಯಿಂದ ಹಿಡಿದು ಎಡಕ್ಕೂ ಬಲಕ್ಕೂ ತಿರುಚುತ್ತಾ ಮೇಲಕ್ಕೆ ಎಳೆಯಿರಿ. ಸುತ್ತಿಗೆಯಿಂದ ಹೊಡೆಯಬೇಡಿ.

3. ಪಿಲ್ಲರನ್ನು ಡೀಸೆಲ್ ಬಟ್ಟೆಯಿಂದ ಒರೆಸಿ, ತುಕ್ಕನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆಯಿರಿ. ತುಕ್ಕು ಆಳವಾಗಿ ತಿಂದು ಗುಂಡಿ ಬಿದ್ದಿದ್ದರೆ ಆ ಪಿಲ್ಲರ್ ಬೇಡ, ಅದೇ ಅಳತೆಯ ಹೊಸದನ್ನು ಹಾಕಿ.

4. ಸೈಕಲ್ಲನ್ನು ತಲೆಕೆಳಗು ಮಾಡಿ ಒಳಗಿನ ನೀರು, ತುಕ್ಕಿನ ಪುಡಿ ಉದುರಿಸಿ. ದಬ್ಬೆಗೆ ಬಟ್ಟೆ ಸುತ್ತಿ ಕೊಳವೆಯ ಒಳಗನ್ನು ಒರೆಸಿ. ಪೂರ್ತಿ ಒಣಗಲು ಬಿಡಿ. ಒದ್ದೆಯ ಮೇಲೆ ಗ್ರೀಸು ಹಚ್ಚಿದರೆ ನೀರನ್ನು ಒಳಗೇ ಕೂಡಿಹಾಕಿದಂತಾಗುತ್ತದೆ.

5. ಪಿಲ್ಲರಿನ ಒಳಗೆ ಇಳಿಯುವ ಭಾಗಕ್ಕೆ ಮಾತ್ರ ತೆಳುವಾಗಿ ಗ್ರೀಸು ಸವರಿ. ಬೋಲ್ಟಿನ ಮರೆಗೂ, ಸೀಟಿನ ಕ್ಲಿಪ್ಪಿನ ನಟ್ಟುಗಳ ಮರೆಗೂ ಹಚ್ಚಿ. ಹೊರಗೆ ಉಳಿದದ್ದನ್ನು ಒರೆಸಿಬಿಡಿ. ಇಲ್ಲವಾದರೆ ಧೂಳು ಮೆತ್ತಿಕೊಳ್ಳುತ್ತದೆ, ಬಟ್ಟೆಯೂ ಕೊಳೆಯಾಗುತ್ತದೆ.

6. ಸೀಟಿನ ಮೇಲೆ ಕುಳಿತು, ತೀರಾ ಕೆಳಗಿರುವ ಪೆಡಲಿನ ಮೇಲೆ ಹಿಮ್ಮಡಿ ಇಟ್ಟಾಗ ಕಾಲು ನೇರವಾಗುವಷ್ಟು ಎತ್ತರಕ್ಕೆ ಸೀಟು ಇಡಿ. ಪಿಲ್ಲರ್ ಕನಿಷ್ಠ ಎರಡೂವರೆ ಅಂಗುಲ ಫ್ರೇಮಿನ ಒಳಗಿರಲೇಬೇಕು. ಪಿಲ್ಲರಿನ ಮೇಲೆ ಗೆರೆಯ ಗುರುತಿದ್ದರೆ ಅದು ಹೊರಗೆ ಕಾಣಬಾರದು.

7. ಬೋಲ್ಟು ಬಿಗಿಸಿ, ಸೀಟನ್ನು ಕೈಯಿಂದ ಬಲವಾಗಿ ತಿರುಚಿ ನೋಡಿ. ಎರಡು ದಿನ ಓಡಿಸಿದ ಮೇಲೆ ಮತ್ತೊಮ್ಮೆ ಪರೀಕ್ಷಿಸಿ.

ಗ್ರೀಸು ಹಚ್ಚಿದರೆ ಸೀಟು ಜಾರುವುದಿಲ್ಲವೇ ಎಂದು ಕೆಲವರು ಕೇಳುವುದುಂಟು. ತೆಳುವಾಗಿ ಹಚ್ಚಿದರೆ ಜಾರದು. ಜಾರಿದರೆ ಬೋಲ್ಟಿನ ಮರೆ ಸವೆದಿದೆ ಅಥವಾ ಪಿಲ್ಲರಿನ ಅಳತೆ ತಪ್ಪಾಗಿದೆ ಎಂದು ತಿಳಿಯಬೇಕು. ಗೇರ್ ಸೈಕಲ್ಲಿನ ಅಲ್ಯೂಮಿನಿಯಂ ಪಿಲ್ಲರ್ ಉಕ್ಕಿನ ಫ್ರೇಮಿನಲ್ಲಿ ಇನ್ನೂ ಬಲವಾಗಿ ಕಚ್ಚಿಕೊಳ್ಳುವುದರಿಂದ ಅದಕ್ಕೆ ಗ್ರೀಸು ಅತ್ಯಗತ್ಯ. ಪಟ್ಟಣದಿಂದ ತಂದ ಕಾರ್ಬನ್ ಪಿಲ್ಲರಿಗೆ ಮಾತ್ರ ಗ್ರೀಸು ಸಲ್ಲದು.

ಈಗಾಗಲೇ ಕಚ್ಚಿಕೊಂಡಿದ್ದರೆ

ಬೋಲ್ಟನ್ನು ಪೂರ್ತಿ ಬಿಚ್ಚಿ. ಡೀಸೆಲ್ಲಿಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಸೀಳಿನ ಸುತ್ತ ಬಿಡುತ್ತಾ ಎರಡು ಮೂರು ರಾತ್ರಿ ನೆನೆಯಲು ಬಿಡಿ. ಆಮೇಲೆ ಫ್ರೇಮಿನ ಹೊರಮೈಗೆ ಕುದಿಯುವ ನೀರು ಸುರಿದು ಒಡನೆಯೇ ಸೀಟನ್ನು ತಿರುಚಿ. ಹೊರಗಿನ ಕೊಳವೆ ಕಾದು ಕೊಂಚ ಹಿಗ್ಗುವುದರಿಂದ ಹಿಡಿತ ಬಿಡಬಹುದು. ಡೀಸೆಲ್ ಇರುವ ಕಡೆ ಬೆಂಕಿ ತರಬೇಡಿ. ಇಷ್ಟಕ್ಕೂ ಜಗ್ಗದಿದ್ದರೆ ಸೈಕಲ್ ಷಾಪಿಗೆ ಒಯ್ಯಿರಿ.

ಯಾವಾಗ ಮಾಡಬೇಕು?

ವರ್ಷಕ್ಕೆ ಎರಡು ಸಲ ಸಾಕು. ಮುಂಗಾರಿಗೆ ಮುಂಚೆ ಒಮ್ಮೆ, ಆಯುಧಪೂಜೆಗೆ ಒಮ್ಮೆ. ಪೂಜೆಗೆಂದು ಸೈಕಲ್ಲಿಗೆ ಕೊಡಗಟ್ಟಲೆ ನೀರು ಸುರಿದು ಹಾಗೆಯೇ ಹೂವು ಮುಡಿಸಿ ನಿಲ್ಲಿಸುತ್ತೇವೆ. ಸೀಳಿನೊಳಗೆ ಇಳಿದ ನೀರು ಅಲ್ಲೇ ಉಳಿಯುತ್ತದೆ. ಈ ಸಲ ತೊಳೆದು, ಬಿಸಿಲಿಗೆ ಒಣಗಿಸಿ, ಪಿಲ್ಲರಿಗೂ ಬೋಲ್ಟಿಗೂ ಗ್ರೀಸು ಹಚ್ಚಿ, ಆಮೇಲೆ ಕುಂಕುಮವಿಡಿ. ಅದೇ ದಿನ ಸ್ಪ್ರೇಯರಿನ ಬೋಲ್ಟುಗಳಿಗೂ ಕೈ ಮುಟ್ಟಿಸಿದರೆ ಒಳ್ಳೆಯದು. ಮನೆಯ ಮಕ್ಕಳನ್ನು ಜೊತೆಗೆ ಕೂರಿಸಿಕೊಂಡು ಮಾಡಿ. ಮುಂದಿನ ವರ್ಷ ಅವರೇ ಮಾಡುತ್ತಾರೆ.

ಕಾರ್ಯದರ್ಶಿ